ಚಿಪ್ ಲೋಡ್ ಪಟ್ಟಿಗೆ ಇಷ್ಟೇಕೆ ಭಕ್ತಿ?

ಮನೆಯಲ್ಲೇ ಸಿಎನ್‌ಸಿ ರೂಟರ್ ಇಟ್ಟುಕೊಂಡು ಮರ ಕೊರೆಯುವ ಹವ್ಯಾಸಿಗಳಲ್ಲಿ ಚಿಪ್ ಲೋಡ್ ಪಟ್ಟಿಗೆ ಸಿಕ್ಕಿರುವ ಗೌರವ ಅದರ ಯೋಗ್ಯತೆ ಮೀರಿದ್ದು. ಸೂತ್ರದ ಮೇಲೆ ನನಗೆ ತಕರಾರಿಲ್ಲ. ಫೀಡನ್ನು ಆರ್‌ಪಿಎಂ ಮತ್ತು ಫ್ಲೂಟ್‌ಗಳ ಗುಣಲಬ್ಧದಿಂದ ಭಾಗಿಸಿದರೆ ಒಂದೊಂದು ಅಲಗು ಎಬ್ಬಿಸುವ ಸಿಪ್ಪೆಯ ದಪ್ಪ ಸಿಗುತ್ತದೆ, ಅಷ್ಟೆ. ಆ ದಪ್ಪ ಇಷ್ಟಿರಬೇಕೆಂದು ಪಟ್ಟಿ ವಿಧಿಸುತ್ತದಲ್ಲ, ತಕರಾರು ಅಲ್ಲಿ.

6 ಮಿ.ಮೀ. ಬಿಟ್, ಗಟ್ಟಿಮರ, 0.15 ಮಿ.ಮೀ. ಎನ್ನುವ ಸಾಲನ್ನೇ ತೆಗೆದುಕೊಳ್ಳಿ. ಎರಡು ಫ್ಲೂಟ್, 18,000 ಆರ್‌ಪಿಎಂ ಎಂದರೆ ಫೀಡ್ ನಿಮಿಷಕ್ಕೆ 5,400 ಮಿ.ಮೀ. ಆಗಬೇಕು. ಕಾರ್ಖಾನೆಯ ಭಾರಿ ಉಕ್ಕಿನ ಯಂತ್ರಕ್ಕೆ ಇದೇನೂ ಅಲ್ಲ. ಬೆಲ್ಟಿನ ಮೇಲೆ ಓಡುವ ಶೇಪೋಕೋ 3ರಂಥದ್ದಕ್ಕೆ ತೇಗದ ಹಲಗೆ ಕೊಟ್ಟು ಈ ಅಂಕಿ ಹಾಕಿದರೆ ಬೆಲ್ಟ್ ಹಿಗ್ಗುತ್ತದೆ, ಸ್ಟೆಪ್ಪರ್ ಹೆಜ್ಜೆ ತಪ್ಪುತ್ತದೆ. ಹೆದರಿದವನು ಫೀಡನ್ನು 1,000ಕ್ಕೆ ಇಳಿಸುತ್ತಾನೆ, ಆರ್‌ಪಿಎಂ ಮುಟ್ಟುವುದಿಲ್ಲ. ಈಗ ಸಿಪ್ಪೆ 0.028 ಮಿ.ಮೀ. ಅಲಗು ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಬಿಟ್ ಕಾಯುತ್ತದೆ, ಮರದ ಅಂಚು ಕಪ್ಪಾಗುತ್ತದೆ. ತೇಗದಲ್ಲಿ ಸಿಲಿಕಾ ಬೇರೆ. ಉಜ್ಜಿದಷ್ಟೂ ಅಲಗು ಮೊಂಡು. ಯಂತ್ರ ಎಷ್ಟು ಬಿಗಿ ಎಂದು ಕೇಳುವ ಕಾಲಮ್ಮೇ ಪಟ್ಟಿಯಲ್ಲಿಲ್ಲ.

ಇದಕ್ಕೆ ಮದ್ದು ಬೇರೆಡೆ ಇದೆ. ಫೀಡ್ 1,000ದಲ್ಲೇ ಇರಲಿ. ಸ್ಪಿಂಡಲ್ ಜಾಗದಲ್ಲಿ ಕೂರಿಸಿದ ಮಕಿಟಾ ಟ್ರಿಮ್ಮರಿನ ವೇಗದ ಡಯಲನ್ನು ಕೆಳಗಿನ ತುದಿಗೆ, 10,000ಕ್ಕೆ ತಿರುಗಿಸಿ: 0.05. ಒಂದೇ ಫ್ಲೂಟಿನ ಬಿಟ್ ಹಾಕಿ: 0.1, ಹೆಚ್ಚುಕಡಿಮೆ ಒಂದು ಹಾಳೆ ಕಾಗದದ ದಪ್ಪ. ಆಳ ಒಂದೂವರೆ ಮಿ.ಮೀ.ಯಿಂದ ಶುರುವಾಗಲಿ. 24,000 ಆರ್‌ಪಿಎಂನ ವಿಎಫ್‌ಡಿ ಸ್ಪಿಂಡಲ್ ಇದ್ದವರಿಗೆ ಇಷ್ಟು ಸಲೀಸಲ್ಲ, ವೇಗ ಅರ್ಧವಾದರೆ ಅದರ ಶಕ್ತಿಯೂ ಅರ್ಧ. ಅವರು ಫ್ಲೂಟ್ ಕಡಿಮೆ ಮಾಡುವುದೇ ಮೇಲು.

ಪಟ್ಟಿ ಬೇಡವೆನ್ನುವವರೆಲ್ಲ ನನ್ನ ಪಕ್ಷದವರು ಎಂದುಕೊಳ್ಳಬೇಡಿ. ‘ಕಿವಿಯಿಂದ ಕೇಳಿ ಹೊಂದಿಸಿ’ ಎನ್ನುವವರಿದ್ದಾರೆ. ಟ್ರಿಮ್ಮರ್ ಅರಚುತ್ತಿದೆ, ಪಕ್ಕದಲ್ಲಿ ವ್ಯಾಕ್ಯೂಮ್, ಕಿವಿಗೆ ಮಫ್, ಕೇಳುವುದೇನನ್ನು? ಇನ್ನೊಂದು ‘ಆಳ ವ್ಯಾಸದ ಅರ್ಧ’ ಎನ್ನುವ ಪಂಥ. ಪೂರ್ತಿ ಸ್ಲಾಟ್ ಕೊಯ್ಯುವಾಗ ಬಿಟ್ಟಿನ ಅರ್ಧ ಸುತ್ತು ಮರದೊಳಗಿರುತ್ತದೆ, ಅಲ್ಲಿ ಈ ಎಚ್ಚರ ನ್ಯಾಯವೇ. ಪಾಕೆಟ್ ತೆರವಿಗೂ ಅದನ್ನೇ ಹೇರಿದರೆ ಸವೆಯುವುದೆಲ್ಲ ತುದಿಯ 3 ಮಿ.ಮೀ.; ಮೇಲಿನ ಅಲಗು ಹೊಸದಾಗಿಯೇ ಉಳಿದು ಬಿಟ್ ಕಸಕ್ಕೆ ಹೋಗುತ್ತದೆ. 6 ಮಿ.ಮೀ. ಆಳ, 0.6 ಮಿ.ಮೀ. ಸ್ಟೆಪ್‌ಓವರ್ ಕೊಟ್ಟರೆ ಸವೆತ ಉದ್ದಕ್ಕೂ ಹಂಚಿಹೋಗುತ್ತದೆ. ಹೀಗೆ ಬೋಧಿಸುವವರೂ ಒಂದು ಲೆಕ್ಕ ನುಂಗಿಬಿಡುತ್ತಾರೆ: ವ್ಯಾಸದ ಹತ್ತರಲ್ಲೊಂದು ಪಾಲಷ್ಟೇ ಕಚ್ಚಿದಾಗ ಸಿಪ್ಪೆಯ ನಿಜವಾದ ದಪ್ಪ ಲೆಕ್ಕದ ಅಂಕಿಯ ಶೇ. 60 ಮಾತ್ರ. ಅದನ್ನು ತುಂಬಿಕೊಳ್ಳಲು ಫೀಡ್ 1.67 ಪಟ್ಟು ಏರಬೇಕು. ಏರಿಸದೆ ಹೋದರೆ ಮತ್ತೆ ಉಜ್ಜುವುದೇ.

ಡಸ್ಟ್ ಶೂ ಬಿಚ್ಚಿಟ್ಟು ಒಂದು ಸಾಲು ಕೊರೆದು, ಬಿದ್ದದ್ದು ಸಿಪ್ಪೆಯೋ ಪುಡಿಯೋ ಎಂದು ನೋಡುವವರನ್ನು ನಾನು ಹೆಚ್ಚು ನಂಬುತ್ತೇನೆ. ಎಂಡಿಎಫ್‌ಗೆ ಮಾತ್ರ ಈ ಪರೀಕ್ಷೆ ನಡೆಯದು, ಅದು ಸರಿಯಾಗಿ ಕೊಯ್ದರೂ ಪುಡಿಯೇ. ಅಲ್ಲಿ ಸ್ಪಿಂಡಲ್ ನಿಲ್ಲಿಸಿ ಬಿಟ್ ಎಷ್ಟು ಕಾದಿದೆ ಎಂದು ನೋಡಬೇಕು.