ಲಹನಾಸಿಂಗನ ಅಂಗಳದ ಮಾವಿನಮರ

ಚಂದ್ರಧರ ಶರ್ಮಾ ಗುಲೇರಿಯವರ 'ಉಸ್‌ನೇ ಕಹಾ ಥಾ' ಕಥೆಯನ್ನು ನಾನು ಮೊದಲು ಓದಿದ್ದು ಹಿಂದಿ ಪರೀಕ್ಷೆಗೆ ಕಟ್ಟಿದ್ದಾಗ. ನಿಷ್ಕಾಮ ಪ್ರೇಮ, ತ್ಯಾಗ ಎಂದು ಗೈಡಿನಲ್ಲಿದ್ದುದನ್ನೇ ಎರಡು ಪುಟ ಬರೆದು ಪಾಸಾದೆ. ಮೊನ್ನೆ ಬೇಸಿಗೆ ರಜೆಯಲ್ಲಿ ಮತ್ತೆ ಓದಿದಾಗ ಆ ಉತ್ತರ ನೆನೆದು ನಾಚಿಕೆಯಾಯಿತು.

ಮೊದಲ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1915ರಲ್ಲಿ, 'ಸರಸ್ವತಿ' ಪತ್ರಿಕೆಯಲ್ಲಿ ಬಂದ ಕಥೆ ಇದು. ಅಮೃತಸರದ ಪೇಟೆಯಲ್ಲಿ 12ರ ಹುಡುಗ, 8ರ ಹುಡುಗಿ. ಇಬ್ಬರೂ ಸೋದರಮಾವನ ಮನೆಗೆ ಬಂದವರು. ಅವನು ಮಾವನ ತಲೆ ತೊಳೆಯಲು ಮೊಸರಿಗೆ, ಅವಳು ಅಡುಗೆಗೆ ವಡಿ ಕೊಳ್ಳಲು (ನಮ್ಮ ಸಂಡಿಗೆಯ ಜಾತಿಯದು) ಅಂಗಡಿಗೆ ಬಂದಿರುತ್ತಾರೆ. ನಿಶ್ಚಿತಾರ್ಥ ಆಯಿತೇ ಎಂದು ಅವನು ಸಿಕ್ಕಾಗಲೆಲ್ಲ ರೇಗಿಸುತ್ತಾನೆ. ಒಂದು ದಿನ ಅವಳು ಹೌದೆನ್ನುತ್ತಾಳೆ. 25 ವರ್ಷದ ಮೇಲೆ ಅವನು ಸಿಖ್ ಪಲ್ಟನ್ನಿನ ಜಮಾದಾರ ಲಹನಾಸಿಂಗ್. ಅವಳು ಅವನ ಸುಬೇದಾರರ ಹೆಂಡತಿ. ಯುದ್ಧಕ್ಕೆ ಹೊರಟ ಗಂಡನನ್ನೂ ಮಗನನ್ನೂ ಕಾಪಾಡು ಎಂದು ಸೆರಗೊಡ್ಡುತ್ತಾಳೆ.

ಮೊದಲ ಓದಿನಲ್ಲಿ ನನಗೆ ಆಕೆಯ ಮೇಲೆ ಸಿಟ್ಟು ಬಂದಿತ್ತು. ಎಂದೋ ಟಾಂಗಾದ ಕುದುರೆಯ ಕಾಲಡಿಯಿಂದ ತಪ್ಪಿಸಿದವನನ್ನು ಹೀಗೆ ಕಟ್ಟಿಹಾಕಬಹುದೇ? ಈಗ ಆ ಸಿಟ್ಟಿಲ್ಲ. ಮಗನ ಬೆನ್ನಿಗೆ ಹುಟ್ಟಿದ ನಾಲ್ಕೂ ಉಳಿಯದ ತಾಯಿ ಆಕೆ.

ಸಾಹೇಬನ ವೇಷದ ಜರ್ಮನ್ ಗೂಢಚಾರ ಸಿಖ್ಖನಿಗೆ ಸಿಗರೇಟು ಕೊಟ್ಟು ಸಿಕ್ಕಿಬೀಳುವ ಭಾಗ ಪತ್ತೇದಾರಿ ಕಥೆಯಂತಿದ್ದರೂ, ಹಳ್ಳಿಯವನ ಚುರುಕು ಅಲ್ಲಿದೆ. ಕಥೆಯ ಜೀವ ಇರುವುದು ಫ್ರಾನ್ಸಿನ ಕಂದಕದ ಕೆಸರಿನಲ್ಲಿ. ಜ್ವರದಲ್ಲಿ ನಡುಗುವ ಹುಡುಗನಿಗೆ ಲಹನಾಸಿಂಗ್ ತನ್ನ ಕಂಬಳಿ, ಜರ್ಸಿ ಕೊಟ್ಟು ಅವನ ಪಹರೆಯನ್ನೂ ತಾನೇ ಮಾಡುತ್ತಾನೆ. ಪಕ್ಕೆಗೆ ಬಿದ್ದ ಗಾಯಕ್ಕೆ ಕಂದಕದ ಒದ್ದೆ ಮಣ್ಣು ತುಂಬಿ, ರುಮಾಲು ಬಿಗಿದು, ಯಾರಿಗೂ ತಿಳಿಯಗೊಡದೆ ಅಪ್ಪ ಮಗನನ್ನು ಗಾಡಿ ಹತ್ತಿಸುತ್ತಾನೆ. ಆಕೆ ಹೇಳಿದ್ದನ್ನು ಮಾಡಿದೆನೆಂದು ತಿಳಿಸಿ ಎಂದು ಸುಬೇದಾರರಿಗೆ ಹೇಳಿಕಳಿಸುತ್ತಾನೆ.

ಅವನ ಮನೆಗೆ? ಅಲ್ಲೇ ನಾನು ನಿಂತೆ. ಜೊತೆಗಾರ ವಜೀರಾಸಿಂಗನ ತೊಡೆಯ ಮೇಲೆ ತಲೆಯಿಟ್ಟು, ಅವನನ್ನೇ ತಮ್ಮ ಕೀರತನೆಂದು ತಿಳಿದು ಬಡಬಡಿಸುತ್ತಾನೆ. ಈ ಸಲ ಮಾವು ಚೆನ್ನಾಗಿ ಫಲ ಬಿಡುತ್ತದೆ, ನೀನೂ ನಿನ್ನ ಅಣ್ಣನ ಮಗನೂ ಕೂತು ತಿನ್ನಿ, ಆ ಮಗು ಹುಟ್ಟಿದ ತಿಂಗಳೇ ನಾನು ಅದನ್ನು ನೆಟ್ಟೆ ಎಂಬ ಅರ್ಥದ ಮಾತು. ಕೀರತನ ಅಣ್ಣನ ಮಗನೆಂದರೆ ಲಹನಾಸಿಂಗನ ಮಗನೇ ಇರಬೇಕಲ್ಲವೇ! ಹಾಗಾದರೆ ಒಬ್ಬ ಹೆಂಡತಿಯೂ ಇದ್ದಾಳೆ. ಕಥೆಯಲ್ಲಿ ಒಮ್ಮೆಯೂ ಅವಳು ಎದುರಿಗೆ ಬರುವುದಿಲ್ಲ. ಗೈಡು ಬರೆದವರಿಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

1971ರ ಯುದ್ಧದಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡರು. ತಂತಿ ಇಂಗ್ಲಿಷಿನಲ್ಲಿತ್ತಂತೆ, ಓದಿ ಹೇಳಲು ಪಕ್ಕದೂರಿನ ಮೇಷ್ಟ್ರು ಬರಬೇಕಾಯಿತು. ಊರವರೆಲ್ಲ ವೀರಮರಣ ಎಂದರು. ಚಿಕ್ಕಮ್ಮ ಮಾತ್ರ, ಅವರ ಪಲ್ಟನ್ನಿನವರು ಯಾರಾದರೂ ರಜೆಗೆ ಬಂದರೆಂದು ಕೇಳಿದರೆ ಸಾಕು, ಬಸ್ಸು ಹಿಡಿದು ಹೋಗಿ, "ಕೊನೇಗೆ ಏನಂದ್ರು?" ಎಂದು ಕೇಳಿ ಬರುತ್ತಿದ್ದರು. ಒಬ್ಬರೂ ಅವರ ಹತ್ತಿರ ಇದ್ದವರಲ್ಲ.

ಫ್ರಾನ್ಸಿನ ನವ್ ಶಪೆಲ್‌ನಲ್ಲಿ, ಗೋರಿಯೂ ಗೊತ್ತಿಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಗುಲೇರಿಯವರ ಕಥೆ ಮುಗಿಯುವುದೂ ಪತ್ರಿಕೆಯಲ್ಲಿ ಅಚ್ಚಾದ ಸತ್ತವರ ಪಟ್ಟಿಯ ಒಂದು ಹೆಸರಿನಿಂದಲೇ. ಆ ಮಾವಿನ ಮಾತನ್ನು ವಜೀರಾಸಿಂಗ್ ಊರಿಗೆ ಮುಟ್ಟಿಸಿದನೋ ಇಲ್ಲವೋ, ಅವರು ಬರೆದಿಲ್ಲ.