ಜ್ವಾಲಾಮುಖಿಯ ನಿಧಾನ ಕಂಪನ
ಭೂಕಂಪಮಾಪಕ ಬರೆಯುವ ಗೆರೆಗಳಲ್ಲಿ ನನಗೆ ಬಲು ಮೆಚ್ಚುಗೆಯಾದದ್ದು ಜ್ವಾಲಾಮುಖಿಗಳ ದೀರ್ಘಾವಧಿ ಕಂಪನ. ಬಂಡೆ ಬಿರಿದಾಗ ಗೆರೆ ತಟ್ಟನೆ ಚಿಮ್ಮಿ ಬೇಗ ಅಡಗುತ್ತದೆ. ಇದು ಹಾಗಲ್ಲ, ಸೆಕೆಂಡಿಗೆ ಒಂದೆರಡು ಸಲದಂತೆ ಒಂದೇ ಲಯದಲ್ಲಿ ತೂಗಿ, ಮೆಲ್ಲಗೆ ಕ್ಷೀಣಿಸುತ್ತದೆ. ಬೆಟ್ಟದೊಳಗಿನ ಬಿರುಕುಗಳಲ್ಲಿ ತುಂಬಿದ ಹಬೆ, ಅನಿಲ, ಶಿಲಾಪಾಕ ಒತ್ತಡಕ್ಕೆ ಸಿಕ್ಕಾಗ ಕೊಳಲೊಳಗಿನ ಗಾಳಿಯಂತೆ ಅನುರಣಿಸುತ್ತವೆ ಎಂದು ವಿವರಿಸಿದವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಬರ್ನಾರ್ಡ್ ಶೂಯೆ. ಯಾರೂ ಇಳಿದು ನೋಡಲಾಗದ ಜಾಗದ ಒತ್ತಡವನ್ನು ಬರೀ ನಡುಕದಿಂದ ಊಹಿಸುವುದು! ಭೂವಿಜ್ಞಾನದಲ್ಲಿ ಇದಕ್ಕಿಂತ ಸೊಗಸಾದ ತರ್ಕ ನನಗೆ ಗೊತ್ತಿಲ್ಲ.

1990ರ ಜನವರಿ 2ರಂದು ಅಲಾಸ್ಕದ ರಿಡೌಟ್ ಸಿಡಿಯುವ ಮುನ್ನ ಇಂಥ ಕಂಪನಗಳು ದಟ್ಟವಾಗಿದ್ದವು, ಎಚ್ಚರಿಕೆಯೂ ಹೊರಟಿತು. ಎಲ್ಲ ಜ್ವಾಲಾಮುಖಿಗಳೂ ಇಷ್ಟು ಸ್ಪಷ್ಟವಾಗಿ ಮುನ್ಸೂಚನೆ ಕೊಡುವುದಿಲ್ಲ, ನಿಜ. ಆದರೆ 2000ದ ಡಿಸೆಂಬರಿನಲ್ಲಿ ಮೆಕ್ಸಿಕೋದ ಪೊಪೊಕಟೆಪೆಟ್ಲ್ ಕೆರಳಿದಾಗ ಅಲ್ಲಿನ ವಿಜ್ಞಾನಿಗಳು ಕಂಪನದ ಗೆರೆಗಳನ್ನು ಓದಿ ಎಚ್ಚರಿಸಿದರು. ಹತ್ತಾರು ಸಾವಿರ ಜನರನ್ನು ಸುತ್ತಲ ಊರುಗಳಿಂದ ತೆರವುಗೊಳಿಸಲಾಯಿತು. ಪರ್ವತ ಉರಿಗಲ್ಲುಗಳನ್ನು ಕಾರಿತು, ಒಬ್ಬರೂ ಸಾಯಲಿಲ್ಲ.