ಬಸಿದ ನೀರಿನ ಬೆಲೆ

ಮೇಲುಕೋಟೆ ಎಂದರೆ ಪುಳಿಯೋಗರೆ. ಅದನ್ನು ಹೊಗಳಿ ಬರೆದವರು ಸಾಕಷ್ಟಿದ್ದಾರೆ. ಬೆಟ್ಟ ಇಳಿದು ಜಕ್ಕನಹಳ್ಳಿ ಕಡೆಗೋ ನಾಗಮಂಗಲದ ಹೊಲಗಳ ಕಡೆಗೋ ಹೊರಳಿದರೆ ಬೇರೆಯದೇ ಅಡುಗೆ ಶುರುವಾಗುತ್ತದೆ. ಮಳೆ ಬಿದ್ದು ನೆಲ ಹಸಿರಾದ ಮೇಲೆ ರಾಗಿ ಹೊಲದ ಬದುವಿನಲ್ಲಿ ಹೆಂಗಸರು ಬಗ್ಗಿ ಮಡಿಲು ತುಂಬಿಕೊಳ್ಳುವ ಬೆರಕೆ ಸೊಪ್ಪಿನ ಅಡುಗೆ ಅದು. ಅಣ್ಣೆ, ಕನ್ನೆ, ಗಣಿಕೆ, ಹೊನಗೊನೆ, ಕಿರಕೀರೆ ಯಾವುದನ್ನೂ ಯಾರೂ ಬಿತ್ತಿದ್ದಲ್ಲ. ಕಳೆನಾಶಕ ಹೊಡೆದ ಹೊಲಕ್ಕೆ ಮಾತ್ರ ಕೈ ಹಾಕಬಾರದು. ಸೊಪ್ಪು ಕೀಳುವವರಿಗೆ ಯಾವ ಹೊಲ ಎಂತಹದು ಎಂಬುದು ಬಾಯಿಪಾಠ.

ಈ ಸೊಪ್ಪಿಗೆ ತಕ್ಕ ಅಡುಗೆ ಬಸ್ಸಾರು. ಮಸ್ಸೊಪ್ಪು, ಉಪ್ಸಾರು ಎರಡೂ ನನಗೆ ಇಷ್ಟವೇ, ಆದರೆ ಬಸ್ಸಾರಿನ ಮುಂದೆ ಅವು ಒಂದು ಮೆಟ್ಟಿಲು ಕೆಳಗೆ. ಅಲಸಂದೆಯನ್ನೋ ಹಸಿ ಅವರೆಯನ್ನೋ ಮುಕ್ಕಾಲು ಬೇಯಿಸಿ, ಉಪ್ಪು ಹಾಕಿ, ಸೊಪ್ಪನ್ನು ದಂಟಿನ ಸಮೇತ ಹೆಚ್ಚಿ ಹಾಕಬೇಕು. ಪಾತ್ರೆಗೆ ಮುಚ್ಚಳ ಬೇಡ. ಸೊಪ್ಪು ಬೇಯುವಾಗ ಹೊರಬರುವ ಹುಳಿ ಅಂಶ ಹಬೆಯಲ್ಲಿ ಹೋಗದಿದ್ದರೆ ಹಸಿರು ಬಣ್ಣ ಕೆಟ್ಟು ಮಾಸಲಾಗುತ್ತದೆ. ಕುಕ್ಕರಿನ ಸೊಪ್ಪು ಮಿಲಿಟರಿ ಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ. ಹುಣಸೆಹಣ್ಣನ್ನು ಬೇಯುವ ಸೊಪ್ಪಿಗೆ ಹಾಕದೆ ಸಾರಿಗೆ ಹಾಕುವುದರ ಗುಟ್ಟೂ ಅದೇ. ಆಮೇಲೆ ನೀರು ಬಸಿಯಬೇಕು. ಕಾಳುಸೊಪ್ಪು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ, ಬಸಿದ ಕಟ್ಟು ಸಾರಾಗುತ್ತದೆ. ಪಲ್ಯ ನೆಂಟ, ಸಾರೇ ಯಜಮಾನ.

ಬಸಿದ ನೀರಿಗೆ ಬೆಲೆ ಕೊಡುವವರು ನಾವಷ್ಟೇ ಅಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಲಾರ್ಡ್ ಎಂಬ ಕೋಸಿನ ಜಾತಿಯ ಸೊಪ್ಪನ್ನೂ ಟರ್ನಿಪ್ ಗೆಡ್ಡೆಯನ್ನೂ ಅದರ ಎಲೆಯನ್ನೂ ಹೊಗೆಯಾಡಿಸಿದ ಹಂದಿಯ ಕಾಲಿನ ಗೆಣ್ಣಿನ ಜೊತೆ ತಾಸುಗಟ್ಟಲೆ ಬೇಯಿಸುತ್ತಾರೆ. ಉಳಿಯುವ ಕಟ್ಟಿಗೆ ಪಾಟ್ ಲಿಕರ್ ಎನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಸೊಪ್ಪು ಧಣಿಯ ಮೇಜಿಗೆ ಹೋದರೆ ಅಡುಗೆ ಮಾಡಿದ ಆಫ್ರಿಕನ್ ಮೂಲದವರ ಪಾಲಿಗೆ ಉಳಿಯುತ್ತಿದ್ದದ್ದು ಈ ನೀರು. ಫೋಲೇಟ್, ಸಿ ಜೀವಸತ್ವದಂಥವು ನೀರಿಗೇ ಇಳಿಯುವುದರಿಂದ ಅವರಿಗೆ ದಕ್ಕಿದ್ದು ಕಮ್ಮಿಯದೇನಲ್ಲ. 1931ರಲ್ಲಿ ಲೂಸಿಯಾನದ ಗವರ್ನರ್ ಹ್ಯೂಯಿ ಲಾಂಗ್, ಮುಸುಕಿನ ಜೋಳದ ರೊಟ್ಟಿಯನ್ನು ಈ ಕಟ್ಟಿನಲ್ಲಿ ಅದ್ದಿಯೇ ತಿನ್ನಬೇಕು ಎಂದರೆ, ಅಟ್ಲಾಂಟದ ಪತ್ರಿಕೆಯೊಂದು ಪುಡಿ ಮಾಡಿ ಬೆರೆಸಬೇಕು ಎಂದು ಜಗಳಕ್ಕೆ ನಿಂತಿತು. ನಮ್ಮ ಕಡೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದೋ, ಅಗಿಯುವುದೋ ಎಂಬ ಬಗ್ಗೆ ವ್ಯಾಜ್ಯವೇ ಇಲ್ಲ. ಅಗಿದವನು ಹೊರಗಿನವನು! ಅಂದಹಾಗೆ ಆ ಮುದ್ದೆಯ ರಾಗಿಯೂ ಪೂರ್ವ ಆಫ್ರಿಕದಿಂದಲೇ ಬಂದದ್ದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಲ್ಲಿಯ ರಾಗಿಯನ್ನು ಆಫ್ರಿಕದ ರಾಗಿಗೆ ಮತ್ತೆ ಕೂಡಿಸಿಯೇ ಇಂಡಾಫ್ ತಳಿಗಳನ್ನು ತಂದರು.

ಹಾಗಾದರೆ ಆ ಹಂದಿಯ ಹೊಗೆಯ ರುಚಿ ನಮ್ಮಲ್ಲೆಲ್ಲಿ? ಒಲೆಯ ಕೆಂಡದಲ್ಲಿದೆ. ಬಸ್ಸಾರಿನ ಖಾರಕ್ಕೆ ಈರುಳ್ಳಿ, ಬೆಳ್ಳುಳ್ಳಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಸುಟ್ಟು, ಒಣಮೆಣಸಿನಕಾಯಿ ಕಪ್ಪಾಗದಂತೆ ಹುರಿದು, ಜೀರಿಗೆ, ಮೆಣಸು, ತೆಂಗಿನಕಾಯಿ, ಒಂದು ಹಿಡಿ ಬೆಂದ ಕಾಳುಸೊಪ್ಪು ಸೇರಿಸಿ ರುಬ್ಬುತ್ತಾರೆ. ಸುಟ್ಟ ಈರುಳ್ಳಿ ಕೊಡುವ ಹೊಗೆಯ ಕಂಪನ್ನು ಗ್ಯಾಸಿನ ಮೇಲೆ ಎಣ್ಣೆಯಲ್ಲಿ ಹುರಿದ ಈರುಳ್ಳಿ ಕೊಡಲಾರದು. ಬಾಡು ತಿನ್ನುವ ಮನೆಗಳಲ್ಲಿ ಉಪ್ಪುಕಂಡವೂ ಇರುತ್ತದೆ. ಹಬ್ಬದ ಮಾಂಸದಲ್ಲಿ ಮಿಕ್ಕಿದ್ದನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ ಸವರಿ ಬಿಸಿಲಿಗೆ ಒಣಗಿಸಿ ಒಲೆಯ ಮೇಲೆ ತೂಗುಹಾಕಿದ್ದು. ಎರಡು ತುಂಡು ಕೆಂಡಕ್ಕೆ ಹಾಕಿ, ಕುಟ್ಟಿ ಸಾರಿಗೆ ಬಿಟ್ಟರೆ ಸಾಕು.

ಕೊಡಗಿನಿಂದ ಬಂದ ಹೊಗೆ ಹಂದಿಯನ್ನೂ ಬಸ್ಸಾರಿಗೆ ಹಾಕಿ ನೋಡಿದ್ದೇನೆ. ಬೆರಕೆ ಸೊಪ್ಪಿಗೆ ಅದು ಸಲ್ಲದು. ಗಣಿಕೆಯ ಸಣ್ಣ ಕಹಿ, ಅಣ್ಣೆಯ ನವಿರು ಎಲ್ಲವನ್ನೂ ಕೊಬ್ಬು ನುಂಗಿಬಿಡುತ್ತದೆ. ಆದರೆ ಒರಟು ದಂಟಿಗೂ ಮೂಲಂಗಿಗೂ ಚೆನ್ನಾಗಿ ಹೊಂದುತ್ತದೆ. ಮಾಂಸವನ್ನು ಮೊದಲೇ ನೀರಿನಲ್ಲಿ ಬೇಯಿಸಿ, ತೇಲಿದ ಕೊಬ್ಬು ತೆಗೆದು, ಆ ನೀರಿಗೆ ಹೋಳು ಮಾಡಿದ ಮೂಲಂಗಿ, ಅದು ಅರ್ಧ ಬೆಂದ ಮೇಲೆ ಅದರದೇ ಸೊಪ್ಪು ಹಾಕಿ. ಮಾಂಸದಲ್ಲೇ ಉಪ್ಪಿರುವುದರಿಂದ ಕೊನೆಗೆ ರುಚಿ ನೋಡಿ ಉಪ್ಪು ಹಾಕಿದರಾಯಿತು. ತೆಂಗಿನಕಾಯಿ ಬೇಡವೇ ಬೇಡ. ಹುಣಸೆಗೆ ಬದಲು ಕೊಡಗಿನ ಹುಳಿರಸ ಕಾಚಂಪುಳಿ ಎರಡು ತೊಟ್ಟು. ಮಾರನೆಯ ದಿನ ಕಾಯಿಸಿ ಬತ್ತಿಸಿದರೆ ಇನ್ನೂ ರುಚಿ.

ಒಂದೇ ತೊಡಕು, ಪೇಟೆಯ ಅಂಗಡಿಯಲ್ಲಿ ಮೂಲಂಗಿ ತೂಗುವ ಮೊದಲು ಸೊಪ್ಪು ಕತ್ತರಿಸಿ ಬುಟ್ಟಿಗೆ ಎಸೆಯುತ್ತಾರೆ. ಚಾಕು ಎತ್ತುವ ಮುಂಚೆಯೇ ಕೂಗಿ ಹೇಳಿ.